ಅಪ್ಪನ ಬಾಯಲ್ಲಿ ಅಮ್ಮನ ಹಲ್ಲು

ದಂತವೈದ್ಯರ ಕೋಣೆಯ ಹೊರಗೆ, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ ಹುಡುಗಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ಸಿನಿಮಾಕ್ಕೆ ಬರೆಯುವವನು. ಅಕ್ಕ ಅವನ ಹಾಳೆಗಳನ್ನು ಆಗಷ್ಟೇ ಓದಿ ಮುಗಿಸಿದ್ದಳು.

“ಅಪ್ಪ ಸಾಯೋ ಸೀನು ಚೆನ್ನಾಗಿದೆ ಕಣೋ. ಎಲ್ಲರೂ ಅಚ್ಚುಕಟ್ಟಾಗಿ ಅಳ್ತಾರೆ.”

“ಅದಾದ್ಮೇಲೆ ಕಾಮಿಡಿ ಇದೆಯಲ್ಲಕ್ಕ. ಅಡುಗೆಯವನು ಜಾರಿ ಬೀಳ್ತಾನೆ.”

“ನಮ್ಮಪ್ಪ ಹೋದಾಗ ನಗಿಸೋಕೆ ಅಂತ ಬೇರೆ ಯಾರಾದ್ರೂ ಬಂದಿದ್ರಾ? ನೀನೊಬ್ಬನೇ ಸಾಕಾಗಿದ್ದೆ.”

“ಅಕ್ಕಾ, ಆ ವಿಷಯ ಬೇಡ.”

“ಯಾಕೆ? ಅಪ್ಪನ ಮುಖ ಲಕ್ಷಣವಾಗಿ ಕಾಣ್ಲಿ ಅಂತ ಲೋಟದಲ್ಲಿದ್ದ ಹಲ್ಲಿನ ಸೆಟ್ಟು ತಂದು ನೀನೇ ಹಾಕ್ದೆ. ಅಮ್ಮ ಅಳೋಕೆ ಬಾಯಿ ತೆಗೆದ್ರೆ ಹಲ್ಲೇ ಇಲ್ಲ.”

“ಎರಡು ಲೋಟ ಪಕ್ಕಪಕ್ಕ ಇಟ್ಟಿದ್ದು ನೀನು.”

“ಎಲ್ಲರೂ ನಕ್ಕುಬಿಟ್ವಿ. ಅದರ ಬೆನ್ನಿಗೇ ಬಂತು ನೋಡು ಅಳು, ನಿಲ್ಲಲೇ ಇಲ್ಲ. ನೀನು ಅಳು ಒಂದು ತಟ್ಟೇಲಿ, ನಗು ಇನ್ನೊಂದು ತಟ್ಟೇಲಿ ಬಡಿಸ್ತಿದೀಯ.”

“ಅದನ್ನೇ ಬರೀಬಹುದು. ನಾಳೆ ಡೈರೆಕ್ಟರಿಗೆ ಕೊಡ್ಬೇಕು. ಆದ್ರೆ ಅಮ್ಮನ್ನ ಕೇಳೋರ್ಯಾರು? ಅವತ್ತು ಆ ಸೆಟ್ಟು ತೆಗೆಯೋಕೂ ಬಿಡ್ಲಿಲ್ಲ. ತನ್ನ ಹಲ್ಲಿನ ಜೊತೆಗೇ ಅಪ್ಪನ್ನ ಕಳಿಸಿದ್ಲು.”

“ಅದಕ್ಕೇ ತಾನೇ ಇವತ್ತು ಹೊಸ ಸೆಟ್ಟು.”

ಬಾಗಿಲು ತೆರೆಯಿತು. ಹೊಸ ಹಲ್ಲಿನ ಮೇಲೆ ತುಟಿ ಕೂರಿಸಿಕೊಳ್ಳಲು ಒದ್ದಾಡುತ್ತ ಅವರ ತಾಯಿ ಹೊರಬಂದಳು. ಒಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಬರ್ಕೋ,” ಎಂದಳು ಮಗನಿಗೆ. “ಆದ್ರೆ ನನ್ನ ಹಲ್ಲು ಅವರಿಗೆ ಸರಿಯಾಗೇ ಕೂತಿತ್ತು ಅಂತಾನೂ ಬರಿ.”

ಮಗ ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ತಾಯಿಯ ಕೈ ಹಿಡಿದು ಮೆಟ್ಟಿಲಿಳಿಸತೊಡಗಿದ.

“ಅಡುಗೆಯವನನ್ನ ಏನ್ಮಾಡ್ಲಿ?” ಎಂದು ಅವನು ಹಿಂದೆ ಬರುತ್ತಿದ್ದ ಅಕ್ಕನನ್ನು ಕೇಳಿದ್ದು ಹುಡುಗಿಯ ಕಿವಿಗೆ ಬಿತ್ತು.

“ಪಾಪ, ಅವನನ್ನ ಎಬ್ಬಿಸಿ ಮನೆಗೆ ಕಳಿಸು.”