ಕೆಳಬೀದಿಗೆ ಬಂದ ಕರೆ

ಮಳೆ ಮಧ್ಯಾಹ್ನವೇ ಹಿಡಿದಿತ್ತು. ಸಂಜೆಯಾಗುವಷ್ಟರಲ್ಲಿ ಕರೆಂಟು ಹೋಗಿ, ಎಡಿಟಿಂಗ್ ಕೋಣೆಯ ಪರದೆಗಳೆಲ್ಲ ಒಟ್ಟಿಗೆ ಕಪ್ಪಾದವು. ಬೆಳಗಾದರೆ ನಾವೆಲ್ಲ ಕೊನೆಯ ವರ್ಷದ ಪ್ರಯೋಗಾತ್ಮಕ ಸಾಕ್ಷ್ಯಚಿತ್ರಕ್ಕೆ ವಿಷಯ ಹೇಳಬೇಕಿತ್ತು. ಒಬ್ಬರ ತಲೆಯಲ್ಲೂ ಏನೂ ಇರಲಿಲ್ಲ. ಆಗಲೇ ಒದ್ದೆ ಕೊಡೆ ಮಡಚುತ್ತ ಕಿವಿಯಜ್ಜಿ ಒಳಗೆ ಬಂದರು. ಇದೇ ಶಾಲೆಯಲ್ಲಿ ಧ್ವನಿಗ್ರಹಣ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೂ ಬಂದುಹೋಗುವುದನ್ನು ಬಿಟ್ಟಿರಲಿಲ್ಲ. ಗೋಡೆಯಾಚೆ ಕೆಮ್ಮಿದರೆ ಕೆಮ್ಮಿದ್ದು ಯಾರೆಂದು ಹೇಳುವಂಥ ಕಿವಿ. ಅದಕ್ಕೇ ಆ ಹೆಸರು. ಅವರ ಎದುರಿಗೇ ಹಾಗೆ ಕರೆಯುತ್ತಿದ್ದೆವು.

"ದೆವ್ವದ ಮೇಲೇ ಒಂದು ಮಾಡಿಬಿಡೋಣ ಅಜ್ಜಿ. ಕ್ಯಾಮೆರಾಗೆ ಏನೂ ಕಾಣದಿದ್ರೆ ಅದೇ ಪ್ರಯೋಗ" ಎಂದ ನಮ್ಮಲ್ಲೊಬ್ಬ. ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ. ಕನ್ನಡಕ ಒರೆಸಿಕೊಂಡು, ಕುರ್ಚಿ ಎಳೆದು ಕೂತರು.

"ಮಾಡಿದ್ದಾಳೆ ಕಣ್ರೋ ಒಬ್ಬಳು... ನಿಮಗಿಂತ ಎಷ್ಟೋ ಮುಂಚೆ. ಗುಬ್ಬಿ ಅಂತ ಕರೀತಿದ್ವಿ. ಇದ್ದಿದ್ದೇ ಅಷ್ಟು, ಕ್ಯಾಮೆರಾ ಹೆಗಲಿಗೇರಿಸಿದ್ರೆ ಹುಡುಗಿ ಎಲ್ಲಿ ಅಂತ ಹುಡುಕಬೇಕು. ನಿಮ್ಮ ಹಂಗೇ ಅವಳಿಗೂ ವಿಷಯ ಸಿಕ್ಕಿರಲಿಲ್ಲ. ಏನು ತಗೊಂಡು ಹೋದ್ರೂ ಮೇಷ್ಟ್ರು, 'ಇದು ನೀನು ನೋಡಿದ್ದಲ್ಲಮ್ಮ, ಬೇರೆಯವರ ಸಿನಿಮಾದಲ್ಲಿ ನೋಡಿದ್ದು' ಅಂತ ವಾಪಸ್ ಕಳಿಸೋರು. ಕೊನೆಗೆ ಮೂಗೊರೆಸಿಕೊಂಡು ನನ್ನ ಹತ್ರ ಬಂದಳು, 'ಮೇಡಂ, ನನ್ನ ಕಣ್ಣಲ್ಲಿ ಏನೂ ಉಳಿದಿಲ್ಲ, ಕಾಲೇಜು ಬಿಟ್ಟುಬಿಡ್ತೀನಿ' ಅಂತ. ನಾನಂದೆ, ಕಣ್ಣು ಕೈಕೊಟ್ರೆ ಕಿವಿ ಇಲ್ವೇನೇ? ಬಾ, ಯಾವುದಾದ್ರೂ ಖಾಲಿ ಕೋಣೆಯ ಮೌನ ಹಿಡ್ಕೊಂಡು ಬರೋಣ. ಒಂದು ಕೋಣೆಯ ಮೌನ ಇನ್ನೊಂದಕ್ಕಿರಲ್ಲ ಮಕ್ಕಳೇ... ಕೇಳಿ ನೋಡಿ ಬೇಕಾದ್ರೆ.

"ಅವಳ ದೊಡ್ಡಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋರು. ಆಗೆಲ್ಲ ನಂಬರ್ ಒತ್ತೋದು ಎಲ್ಲಿತ್ತು? ನೀವು ಫೋನೆತ್ತಿದ್ರೆ ಆ ಕಡೆ ಒಬ್ಬ ಹೆಂಗಸು 'ಯಾರು ಬೇಕು' ಅಂತ ಕೇಳಿ, ಎದುರಿನ ಹಲಗೆಯ ತೂತಿಗೆ ತಂತಿ ಸಿಕ್ಕಿಸಿ, ಆ ಮನೆಯ ಬೆಲ್ಲು ಹೊಡೆಯೋಳು. ಆ ಎಕ್ಸ್‌ಚೇಂಜಿಗೆ ಬೀಗ ಬಿದ್ದು, ಕೆಳಬೀದೀಲಿ, ಹೊಳೆ ಹತ್ರ, ಇವತ್ತೋ ನಾಳೆಯೋ ಕೆಡವೋ ಹಂಗೆ ನಿಂತಿತ್ತು. ಕೀಲಿ ಇಸ್ಕೊಂಡು ಹಾಡಹಗಲೇ ಹೋದ್ವಿ ನಾವಿಬ್ಬರೂ. ಒಳಗೆ ಎತ್ತರದ ಸ್ಟೂಲುಗಳು ಸಾಲಾಗಿ ನಿಂತಿವೆ, ಗೋಡೆ ಮೇಲೆ ಆಳುದ್ದಕ್ಕೆ ಹಳೇ ನೀರಿನ ಗುರುತು, ಹಲಗೆ ತುಂಬ ತೂತು... ತಂತಿ ಮಾತ್ರ ಒಂದೂ ಇಲ್ಲ. ಗುಜರಿಯೋರು ಯಾವಾಗಲೋ ಕಿತ್ತುಕೊಂಡು ಹೋಗಿದ್ರು. ಮೂಲೇಲೊಂದು ಕಪ್ಪು ಫೋನು, ಬಾಲ ಕತ್ತರಿಸಿದ ಇಲಿ ಹಂಗೆ.

"ಮೈಕು ನಿಲ್ಲಿಸಿ ಹೆಡ್‌ಫೋನ್ ಹಾಕ್ಕೊಂಡೆ. ಮೊದಲು ಬರೀ ಮೌನ... ಆಮೇಲೆ ತುಂಬಾ ದೂರದಲ್ಲಿ, ಯಾರದೋ ಮನೆ ಒಳಕೋಣೇಲಿ ಫೋನು ಹೊಡ್ಕೊಳ್ಳೋ ಹಂಗೆ... ಟ್ರಿಂಗ್, ಟ್ರಿಂಗ್... ಟ್ರೀಂ...ಗ್. ಹೆಡ್‌ಫೋನ್ ತೆಗೆದ್ರೆ ಇಲ್ಲ, ಹಾಕ್ಕೊಂಡ್ರೆ ಇದೆ. ಹೆದರಿಕೆ ಆಯ್ತಾ ಅಂತೀರಾ? ಇಲ್ಲ ಕಣ್ರೋ. ಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿದಾಗ ಎದೇಲಿ ಏನೋ ಆಗುತ್ತಲ್ಲ... ಅದಾಯ್ತು. ಗುಬ್ಬಿ ಕಿವಿಗೂ ಇಟ್ಟೆ. ಅವಳು ಹಲಗೆ ಮೇಲೆ ಅಂಗೈಯಿಟ್ಟು ಹಂಗೇ ನಿಂತುಬಿಟ್ಟಳು.

"ಮರುದಿನ ಆ ಟೇಪನ್ನ ದೊಡ್ಡಮ್ಮನಿಗೆ ಕೇಳಿಸಿದ್ವಿ. ಅಡುಗೆಮನೇಲಿ ತರಕಾರಿ ಹೆಚ್ಚುತ್ತಿದ್ದೋರ ಕೈ ನಿಂತುಹೋಯ್ತು. 'ಎರಡು ಗಿಡ್ಡ, ಒಂದು ಉದ್ದ... ಇದು ನಮ್ಮ ಚಿಕ್ಕವಳ ಕೈ ಕಣೇ!' ಅಂದ್ರು. ಬೆಲ್ಲು ಹೊಡೆಯೋದ್ರಲ್ಲಿ ಒಬ್ಬೊಬ್ಬರದೂ ಒಂದೊಂದು ಕೈಯಂತೆ. ಚಿಕ್ಕವಳು ಅಂದ್ರೆ ಆಪರೇಟರುಗಳಲ್ಲೆಲ್ಲ ಕಿರಿಯಳು. ಹಿಂದೊಮ್ಮೆ ಹೊಳೆ ಉಕ್ಕಿ ಬಂದ ದಿನ ಡ್ಯೂಟೀಲಿದ್ದೋಳು ಅವಳೊಬ್ಬಳೇ. ಕೆಳಬೀದೀಲಿ ಫೋನಿದ್ದ ಒಂದೊಂದು ಮನೆಗೂ ಬೆಲ್ಲು ಹೊಡೆದು, 'ನೀರು ಬರ್ತಿದೆ, ಅಕ್ಕಪಕ್ಕದೋರನ್ನೂ ಕರ್ಕೊಂಡು ಮೇಲಕ್ಕೆ ಹೋಗಿ' ಅಂತ ಹೇಳ್ತಾ ಬಂದಳಂತೆ. ಬೀದಿಗೆ ಬೀದಿಯೇ ಉಳೀತು. ಕೊನೇದು ಬಟ್ಟೆ ಅಂಗಡಿಯೋರ ಮನೆ. ಅಲ್ಲಿ ಯಾರೂ ಎತ್ತಲಿಲ್ಲ. ಇವಳು ಬಿಡಲಿಲ್ಲ... ನೀರು ಇಳಿದ ಮೇಲೆ ಹೋಗಿ ನೋಡಿದ್ರೆ ಹಲಗೆಗೆ ಆತುಕೊಂಡೇ ಇದ್ದಳಂತೆ. ತಂತಿ ಅದೇ ಮನೆಯ ತೂತಲ್ಲಿತ್ತಂತೆ.

"ದೊಡ್ಡಮ್ಮ ಕಣ್ಣೊರೆಸಿಕೊಂಡು, 'ಅವಳಿಗಿನ್ನೂ ಉತ್ತರ ಸಿಕ್ಕಿಲ್ಲ ಕಣೇ ಗುಬ್ಬಿ. ಆ ಮನೆಯೋರೇ ಎತ್ತಬೇಕು' ಅಂದ್ರು.

"ಅಲ್ಲಿಗೆ ಸಿನಿಮಾ ಸಿಕ್ತು ಅಂತೀರಿ ನೀವು. ಅವಳಿಗೆ ಸಿನಿಮಾ ನೆನಪೇ ಇರಲಿಲ್ಲ! ಊಟ ನಿದ್ದೆ ಬಿಟ್ಟು ಊರೆಲ್ಲ ಅಲೆದು ಆ ಮನೆಯ ಮಗನನ್ನ ಪತ್ತೆ ಮಾಡಿದಳು. ಟೈಲರು. ತಲೆ ನರೆತಿತ್ತು, ಕುತ್ತಿಗೇಲಿ ಅಳತೆ ಪಟ್ಟಿ. ಎಲ್ಲಾ ಕೇಳಿಸಿಕೊಂಡು, 'ನಾವು ಆವತ್ತು ಬೆಳಿಗ್ಗೇನೇ ಗುಡ್ಡದ ಮೇಲೆ ಅತ್ತೆ ಮನೆಗೆ ಹೋಗಿದ್ವಲ್ಲಮ್ಮ... ಎತ್ತೋಕೆ ಯಾರಿದ್ರು?' ಅಂದೋರು ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟುಬಿಟ್ರು. ತಮಗೋಸ್ಕರ ಒಂದು ಜೀವ ಹೋಗಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ ನೋಡಿ.

"ಅವರನ್ನ ಎಕ್ಸ್‌ಚೇಂಜಿಗೆ ಕರ್ಕೊಂಡು ಹೋದ್ವಿ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಗುಬ್ಬಿ ಕ್ಯಾಮೆರಾ ಓಡಿಸಿದಳು. ನಮ್ಮ ಮೂವರ ಕಿವೀಲೂ ಹೆಡ್‌ಫೋನು. ಬೆಲ್ಲು ಶುರುವಾಯ್ತು... ಎತ್ತಿ ಅಂತ ಸನ್ನೆ ಮಾಡಿದೆ. ಟೈಲರು ಆ ಬಾಲವಿಲ್ಲದ ಫೋನೆತ್ತಿ ಮೆಲ್ಲಗೆ 'ಹಲೋ' ಅಂದ್ರು.

"ಬೆಲ್ಲು ನಿಂತುಹೋಯ್ತು.

"ಆಮೇಲೆ... ಏದುಸಿರು. ಹುಡುಗಿ ದನಿ, ನಿಮ್ಮ ವಯಸ್ಸಿಂದೇ. 'ಅಬ್ಬಾ, ಎತ್ತಿದ್ರಾ! ಹೊಳೆ ಉಕ್ಕಿದೆ ಅಣ್ಣಾ, ಮಕ್ಕಳನ್ನ ಎತ್ಕೊಂಡು ಮೇಲಕ್ಕೆ ಹೋಗಿ!' ಟೈಲರು ಫೋನನ್ನ ಎರಡೂ ಕೈಲಿ ಹಿಡ್ಕೊಂಡು, 'ಹೋದ್ವಿ ಕಣಮ್ಮಾ' ಅಂದ್ರು. 'ಅಪ್ಪ, ಅಮ್ಮ, ತಂಗಿ, ನಾನು... ಎಲ್ಲಾ ಹೋದ್ವಿ. ನಂಗೀಗ ಮೊಮ್ಮಕ್ಕಳಿದಾರಮ್ಮಾ.' ಆಗ ನಕ್ಕಳು ಕಣ್ರೋ... ಹೊತ್ತ ಮೂಟೆ ಇಳಿಸಿದೋರು ನಗ್ತಾರಲ್ಲ, ಹಂಗೆ. ಅಂಥ ನಗು ನಾನು ಮತ್ತೆ ಕೇಳಿಲ್ಲ.

"ನಕ್ಕು, 'ಸರಿ ಅಣ್ಣಾ, ಮುಂದಿನ ಮನೆಗೆ ಮಾಡ್ತೀನಿ' ಅಂದಳು.

"ಟೈಲರು ಫೋನಿಟ್ಟು ನಮ್ಮ ಮುಖ ನೋಡಿದ್ರು. 'ಮುಂದಿನ ಮನೆನಾ? ನಮ್ಮದಾದ ಮೇಲೆ ಆಗ ಬರೀ ಬಯಲು ಕಣಮ್ಮಾ...'

"ಟೇಪಿನಲ್ಲಿ ಅವಳ ದನಿ ಸಿಗಲಿಲ್ಲ. ಸಿನಿಮಾದಲ್ಲಿರೋದು ಒಂದು ಮುಖ, ಒಂದು ಬೆಲ್ಲು, ಟೈಲರ ಮಾತು, ಮಧ್ಯೆ ಮಧ್ಯೆ ಮೌನ, ಅಷ್ಟೇ. ಅದನ್ನ ಮೇಷ್ಟ್ರಿಗೆ ತೋರಿಸಿದ್ವಿ, ದೀಪ ಹಾಕಿದ ಮೇಲೂ ಅವರು ಏಳಲಿಲ್ಲ. ಕೂತಲ್ಲಿಂದಲೇ, 'ಆ ಕಡೆ ಇರೋದು ಯಾರಮ್ಮಾ?' ಅಂದ್ರು. ಗುಬ್ಬಿ ಹೇಳಿದಳು. ಮೇಷ್ಟ್ರು ಎದ್ದು ನಿಂತು ಖಾಲಿ ಪರದೆಗೆ ಕೈಮುಗಿದ್ರು."

ಅಜ್ಜಿ ಕಿಟಕಿಯತ್ತ ತಿರುಗಿದರು. ಮಳೆ ಇನ್ನಷ್ಟು ಜೋರಾಗಿತ್ತು. ಕೆಳಬೀದಿ ಈಗ ಹೇಗಿದೆ ಎಂದು ನಾನು ಕೇಳಿದೆ.

"ಎಕ್ಸ್‌ಚೇಂಜು ಕೆಡವಿದ್ರು. ಆ ಬಯಲಲ್ಲೆಲ್ಲ ಮನೆ ಎದ್ದಿವೆ, ನಂದೂ ಒಂದು. ಇಂಥ ಮಳೆ ಬಂದ್ರೆ ಸಾಲಾಗಿ, ಒಂದಾದ ಮೇಲೊಂದು, ಎಲ್ಲರ ಮನೆ ಫೋನೂ ಹೊಡ್ಕೊಳ್ಳುತ್ತೆ. ರಾಂಗ್ ನಂಬರ್ ಅಂತ ಬೈದು ಇಡ್ತಾರೆ. ನಾನು ಬೈಯಲ್ಲಪ್ಪ... 'ಆಯ್ತು ತಾಯಿ, ಹೊರಟೆ' ಅಂತೀನಿ. ಇವತ್ತೂ ಹಂಗೇ ಅಂದು, ಬೀಗ ಹಾಕ್ಕೊಂಡು ಸೀದಾ ಇಲ್ಲಿಗೆ ಬಂದೆ." ಅಜ್ಜಿ ಕೊಡೆಗೆ ಕೈಹಾಕಿದರು. "ನಮ್ಮ ಸಾಲು ಮುಗಿದ ಮೇಲೆ ನಿಮ್ಮ ಹಾಸ್ಟೆಲ್ಲೇ ಅಲ್ವೇನ್ರೋ? ಬಂದ್ರೆ ಎತ್ತಿ ಮಕ್ಕಳೇ... ಅವಳನ್ನ ಕಾಯಿಸಬೇಡಿ."