ಏನೇನು ಬದಲಾಗಿದೆ

ನಮ್ಮಂಥದ್ದೇ ಒಂದು ಊರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು ಅಂತ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಅವರು ಬರೆಯುತ್ತಿದ್ದದ್ದು ಹಳೇ ಕಾಲದ ಒಂದು ತಂತ್ರಾಂಶದಲ್ಲಿ, ಅಂದರೆ ಎಡಿಟರ್‌ನಲ್ಲಿ. ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಬೇಡ, ಎಲ್ಲವೂ ಕೀಲಿಮಣೆಯಲ್ಲೇ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ ಅಂತ ಜಂಬ ಬೇರೆ. ಇರಲಿ ಬಿಡಿ, ಪಾಪ, ಆ ಜಂಬದಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಅವರ ಹೆಂಡತಿಗೆ ತಾಯಿ ಕಲಿಸಿದ ಮದುವೆಯ ಹಸೆ ಹಾಡುಗಳೆಲ್ಲ ಬಾಯಿಪಾಠ. ಬೇಸಿಗೆಯಿಡೀ ಆಕೆ ಸೊಪ್ಪು ಬಿಡಿಸುತ್ತಾ ಹಾಡಿದರು, ಇವರು ಪಕ್ಕದಲ್ಲಿ ಕೂತು ಟೈಪ್ ಮಾಡಿದರು. ಮೊಮ್ಮಗಳ ಮದುವೆಯಲ್ಲಿ ಪುಸ್ತಕ ಮಾಡಿ ಹಂಚಬೇಕು ಅಂತ ಇಬ್ಬರಿಗೂ ಆಸೆ.

ಅಷ್ಟರಲ್ಲಿ ಎಡಿಟರ್‌ನ ಹೊಸ ಆವೃತ್ತಿ ಬಂತು. ತೆರೆದ ಕೂಡಲೇ ಒಂದು ಸೂಚನೆ: ‘ಏನೇನು ಬದಲಾಗಿದೆ, ಓದಿ.’ ಮೇಷ್ಟ್ರು ಏನು ಮಾಡಿದರು? ನಾವು ನೀವು ಮಾಡುವುದನ್ನೇ ಮಾಡಿದರು. ಓದದೇ ಎಂಟರ್ ಒತ್ತಿ ಅದನ್ನು ಓಡಿಸಿದರು. ಹಾಡು ಬರೆದು ಮುಗಿಸಿ, ರೂಢಿಯಂತೆ ಸೇವ್ ಮಾಡುವ ಕೀ ಒತ್ತಿದರು. ಹೊಸದರಲ್ಲಿ ಆ ಕೀ ಎಲ್ಲವನ್ನೂ ಅಳಿಸುತ್ತದೆ, ನೋಡಿ. ಗಾಬರಿಯಿಂದ ಎಡಿಟರನ್ನೇ ಮುಚ್ಚಿ ಮತ್ತೆ ತೆರೆದರು. ಖಾಲಿ.

“ಎಲ್ಲಾ ಹೋಯ್ತು ಕಣೇ” ಅಂದರು. ಹೆಂಡತಿ ಸೊಪ್ಪು ಬಿಡಿಸುತ್ತಲೇ ಇದ್ದರು. ಮೇಷ್ಟ್ರಿಗೆ ಅಳುವೂ ಬಂತು, ಸಿಟ್ಟೂ ಬಂತು. “ನಿನ್ನ ಅಮ್ಮನ ಹಾಡು ಹೋಯ್ತು ಅಂತಿದೀನಿ, ಸುಮ್ನೆ ಕೂತಿದೀಯಲ್ಲ” ಅಂತ ಜೋರಾಗಿ ರೇಗಿದರು.

ಆಗ ಆಕೆ ತಿರುಗಿದರು. ಎದ್ದು ಬಂದು, ಏನೇನು ಒತ್ತಿದಿರಿ ಅಂತ ಕೇಳಿ ತಿಳಿದುಕೊಂಡು, ಕನ್ನಡಕ ಹಾಕಿಕೊಂಡು, ಆ ಸೂಚನೆಯನ್ನೇ ಮತ್ತೆ ತೆಗೆಸಿ ನಿಧಾನವಾಗಿ ಓದಿದರು.

“ಇಲ್ಲೇ ಬರೆದಿದಾರಲ್ರೀ. ಆ ಕೀ ಈಗ ಅಳಿಸೋದಕ್ಕಂತೆ. ಅಳಿಸಿದ್ದನ್ನ ಮುಚ್ಚಿ ತೆಗೆದ ಮೇಲೂ ವಾಪಸ್ ತರಬಹುದಂತೆ, ಅದು ಹೊಸದಾಗಿ ಸೇರಿಸಿರೋದು. ಇಗೋ, ಇದನ್ನ ಒತ್ತಿ.”

ಒತ್ತಿದರು. ಹಾಡುಗಳೆಲ್ಲ ಬಂದವು. ಮೇಷ್ಟ್ರು ಕಣ್ಣು ಒರೆಸಿಕೊಂಡು, “ಮತ್ತೆ ಆಗ ಹೇಳಿದಾಗ ಯಾಕೆ ಮಾತಾಡ್ಲಿಲ್ಲ?” ಅಂದರು.

“ಬಲಗಿವಿ ಸರಿಯಾಗಿ ಕೇಳಿಸ್ತಿಲ್ಲ, ಎಡಗಡೆ ಕೂತು ಮಾತಾಡಿ ಅಂತ ಯುಗಾದಿಯಿಂದ ಹೇಳ್ತಾ ಇದೀನಿ. ಅದಕ್ಕೂ ಎಂಟರ್ ಒತ್ತಿಬಿಟ್ರಾ?”

ಮೇಷ್ಟ್ರು ಕುರ್ಚಿ ಎತ್ತಿಕೊಂಡು ಹೋಗಿ ಆಕೆಯ ಎಡಗಡೆ ಹಾಕಿಕೊಂಡು ಕೂತರು.

ನಗ್ತಾ ಇದೀರಲ್ಲ, ನಗಿ. ಆದರೆ ನಿಮ್ಮ ಮನೆಯಲ್ಲಿ ಈ ಸೂಚನೆ ಬಂದಿಲ್ಲವೇ? ‘ಈಗೀಗ ಸ್ಕೂಟರ್ ಓಡಿಸೋಕೆ ಭಯ ಆಗುತ್ತೆ ಕಣೋ’ ಅಂತ ಅಪ್ಪ ಅಂದಿಲ್ಲವೇ? ‘ಅದು ನನಗೆ ಈಗ ಇಷ್ಟ ಇಲ್ಲಮ್ಮ’ ಅಂತ ಮಗಳು ಅಂದಿಲ್ಲವೇ? ಪೂರ್ತಿ ಕೇಳಿದಿರಾ, ಅಥವಾ ‘ಆಯ್ತು, ಆಯ್ತು’ ಅಂದುಬಿಟ್ಟಿರಾ? ಮೇಷ್ಟ್ರ ಹಾಡು ಒಂದು ಕೀ ಒತ್ತಿದರೆ ವಾಪಸ್ ಬಂತು. ಮನೆಯವರ ಜೊತೆ ಕಳೆದುಕೊಂಡ ವರ್ಷಗಳು ಹಾಗೆ ಬರುವುದಿಲ್ಲ.

ಇವತ್ತು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಕೂಡಲೇ ಟಿವಿ ಹಾಕಬೇಡಿ. ಅವರ ಹತ್ತಿರ ಕೂತು, ‘ಈಗೀಗ ನಿನಗೆ ಏನು ಬದಲಾಗಿದೆ?’ ಅಂತ ಕೇಳಿ. ಯಾವ ಕಡೆ ಕೂರಬೇಕು ಅನ್ನುವುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.