ಗಾಜಿನ ಮೇಲೆ ಬಂದ ಮಾತು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಔಷಧಿ ಹಾಕಿಸಿಕೊಂಡು, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತಿದ್ದ ಟೀಚರಮ್ಮನಿಗೆ ಕಿವಿಯೊಂದೇ ಗತಿ. ಪಕ್ಕದಲ್ಲಿ ಅಕ್ಕ-ತಂಗಿ ಮಾತಾಡುತ್ತಿದ್ದರು. ಅಕ್ಕನಿಗೆ ಕಿವಿ ಕೇಳದು; ಗಂಟಲು ಮಾತ್ರ ಇಡೀ ಹಾಲ್‌ಗೆ ಕೇಳುವಂಥದ್ದು.

"ಹೊಸ ಕನ್ನಡಕ ಹೇಗಿದೆ ಅಕ್ಕಾ?"

"ಯಾರು ಏನಂದ್ರೂ ಗಾಜಿನ ಮೇಲೆ ಅಕ್ಷರವಾಗಿ ಬರುತ್ತೆ ಕಣೇ. ಮೊಮ್ಮಗಳು ಅಜ್ಜಿ ಅಂದಿದ್ದನ್ನ ಮೊನ್ನೆ ಮೊದಲ ಸಲ ಓದಿದೆ."

"ಮತ್ಯಾಕೆ ಮುಖ ಸಪ್ಪಗೆ?"

"ನನಗೆ ಕೇಳಲ್ಲ ಅಂತ ಮನೆಯವರಿಗೆ ನನ್ನೆದುರೇ ಮಾತಾಡೋ ಅಭ್ಯಾಸ. ಸೊಸೆ ನಗುನಗುತ್ತಾ ಕಾಫಿ ಕೊಟ್ಲು. 'ತಗೊಳ್ಳಿ, ಇದನ್ನೂ ಮೈಮೇಲೆ ಚೆಲ್ಕೊಳ್ಳಿ' ಅಂತ ಬಂತು."

"ನೀನೇನಂದೆ?"

"ನಾನೂ ನಗುನಗುತ್ತಾ ಕುಡಿದೆ."

"ಮನೇಲಿ ಅದನ್ನ ತೆಗೆದಿಟ್ಟುಬಿಡು."

"ಮೊಮ್ಮಗಳು ಇರೋದೂ ಅದೇ ಮನೇಲಿ ಅಲ್ವೇನೇ?"

ಟೀಚರಮ್ಮ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ವಾಲಿ, "ಅಬ್ಬಾ, ಏನು ಗಂಟಲಪ್ಪಾ ಇವಳದು!" ಎಂದು ಪಿಸುಗುಟ್ಟಿದರು.

ಪಕ್ಕದ ಮಾತು ಗಕ್ಕನೆ ನಿಂತಿತು. ಅಷ್ಟರಲ್ಲಿ ನರ್ಸ್ ಬಂದು ಅಕ್ಕನನ್ನು ಒಳಗೆ ಕರೆದಳು.

"ತಪ್ಪು ತಿಳೀಬೇಡಿ ತಾಯಿ," ಟೀಚರಮ್ಮನ ಕಿವಿಯ ಹತ್ತಿರವೇ ಬಂದು ಅಕ್ಕ ಮೆಲ್ಲಗೆ ಹೇಳಿದಳು. "ನನ್ನ ದನಿ ಎಷ್ಟು ಜೋರು ಅನ್ನೋದು ಇದರಲ್ಲಿ ಬರಲ್ಲ."

ಹೆಜ್ಜೆಯ ಸಪ್ಪಳ ದೂರವಾಯಿತು. ಹತ್ತು ನಿಮಿಷ ಮುಗಿದರೂ ಟೀಚರಮ್ಮ ಕಣ್ಣು ತೆರೆಯಲಿಲ್ಲ.